ಕಂಬಳಿಯೂ ಕರಿಯ ಕುರಿಯೂ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸ್ಕಾಟ್ಲೆಂಡಿನಲ್ಲಿ ನೌಕರಿ ಹಿಡಿದು ಮೂರು ವರ್ಷವಾಯಿತು. ಕಳೆದ ದೀಪಾವಳಿಗೆ ಊರಿಗೆ ಬಂದವನು ನನಗೊಂದು ಉಣ್ಣೆಯ ಶಾಲನ್ನು ತಂದುಕೊಟ್ಟ. ಶಾಲಿಗಿಂತ ಅದನ್ನು ಕೊಂಡ ಸ್ಥಳದ ವಿಷಯವಾಗಿಯೇ ಅವನಿಗೆ ಹೆಚ್ಚು ಉತ್ಸಾಹ. ಸ್ಪೇ ನದಿಯ ಸೀಮೆಯಲ್ಲಿ ನಾಕ್ಯಾಂಡೋ ಎಂಬ ಹಳ್ಳಿಯಿದೆ. ಅಲ್ಲಿಯ ಉಣ್ಣೆಯ ಗಿರಣಿಯ ಪ್ರಸ್ತಾಪ 1784ರಷ್ಟು ಹಿಂದಿನ ದಾಖಲೆಯಲ್ಲಿಯೇ ದೊರೆಯುತ್ತದೆ. ಬೀಳಲಾಗಿದ್ದ ಆ ಕಟ್ಟಡವನ್ನು ಒಂದು ಟ್ರಸ್ಟು ವಹಿಸಿಕೊಂಡು, ನೀರಿನ ಚಕ್ರವನ್ನೂ ವಿಕ್ಟೋರಿಯಾ ರಾಣಿಯ ಕಾಲದ ಹಿಂಜುವ, ನೂಲುವ, ನೇಯುವ ಯಂತ್ರಗಳನ್ನೂ ಸರಿಪಡಿಸಿ, ಗಿರಣಿಯನ್ನು ಮತ್ತೆ ನಡೆಯುವಂತೆ ಮಾಡಿದೆ. ಇದನ್ನೆಲ್ಲ ವರ್ಣಿಸಿದ ಮೇಲೆ ಅವನು ಕೇಳಿದ: "ಸಾರ್, ನಮ್ಮ ಕಂಬಳಿಗೂ ಇಂಥದೊಂದು ಏರ್ಪಾಡು ಮಾಡಬಾರದೇಕೆ?"

ಅವನ ಊರು ಚಳ್ಳಕೆರೆ ತಾಲ್ಲೂಕಿನಲ್ಲಿ. ಮನೆತನ ಕುರಿ ಸಾಕುವವರದು. ಪ್ರಶ್ನೆಗೆ ಉತ್ತರವನ್ನು ಅಲ್ಲಿಯೇ ಹುಡುಕೋಣವೆಂದು ಮರುದಿನ ಇಬ್ಬರೂ ಬಸ್ಸು ಹತ್ತಿದೆವು.

ಆ ಊರಿನಲ್ಲಿ ಈಗ ಉಳಿದಿರುವುದು ಒಂದೇ ಮಗ್ಗ. ನೇಯುವ ಯಜಮಾನರಿಗೆ ಎಪ್ಪತ್ತು ದಾಟಿದೆ. ನೆಲದಲ್ಲಿ ತೋಡಿದ ಗುಣಿಯಲ್ಲಿ ಕಾಲಿಳಿಸಿ ಕುಳಿತಿದ್ದರು. ಮಗ್ಗದ ಮೇಲೆ ಅಪ್ಪಟ ಕರಿಯ ಹಾಸು. ಆ ಕಪ್ಪು ಬಣ್ಣ ಹಾಕಿದ್ದಲ್ಲ. ಕುರಿಯ ಮೈಯಿಂದಲೇ ಬಂದದ್ದು. ಹುಣಸೆಬೀಜವನ್ನು ಅರೆದು ಕಾಸಿದ ಸರಿಯನ್ನು ನೂಲಿಗೆ ಸವರಿ, ಬಿಸಿಲಿನಲ್ಲಿ ಒಣಗಿಸಿ, ಬಿಗಿ ಬಂದ ಮೇಲೆಯೇ ಅದು ಮಗ್ಗಕ್ಕೆ ಏರತಕ್ಕದ್ದು. ನೂಲುವವರು ಹೆಂಗಸರು, ಅದರಲ್ಲಿಯೂ ಮುದುಕಿಯರು. ವರ್ಷಕ್ಕೆ ಎರಡು ಸಲ ಕತ್ತರಿಸಿದರೂ ಒಂದು ಕುರಿ ಕೊಡುವ ಉಣ್ಣೆ ಒಂದು ಕಿಲೋ ಮುಟ್ಟುವುದಿಲ್ಲ; ಆದುದರಿಂದ ಒಂದು ಕಂಬಳಿಯಲ್ಲಿ ಹಲವು ಕುರಿಗಳ ಮೈಯೂ ಹಲವು ಕೈಗಳ ಕೆಲಸವೂ ಸೇರಿರುತ್ತದೆ. ‘ಹಾಸುಹೊಕ್ಕು’ ಎಂಬ ಮಾತಿನ ಅರ್ಥವನ್ನು ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಹಲಗೆಯ ಮೇಲೆ ಅಡ್ಡಗೆರೆ ಉದ್ದಗೆರೆ ಎಳೆದು ಹೇಳಿಕೊಡುತ್ತ ಬಂದಿದ್ದೇನೆ. ಯಜಮಾನರು ಲಾಳಿಯನ್ನು ತೂರಿಸಿ ಹೊಕ್ಕನ್ನು ಗಟ್ಟಿಸಿದ ಸದ್ದು ಕೇಳಿದಾಗ ನನ್ನ ಪಾಠ ಎಷ್ಟು ಬಡವಾಗಿತ್ತೆಂಬುದು ತಿಳಿಯಿತು.

ಮನೆಯ ಹಿಂದೆ, ಬೇಲಿಯ ಪಕ್ಕದಲ್ಲಿ, ಒಂದು ಗುಡ್ಡೆ ಬಿದ್ದಿತ್ತು. ಕಸವೆಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಉಣ್ಣೆ! ಮಳೆಗೆ ನೆನೆದು ಮುದ್ದೆಗಟ್ಟಿತ್ತು. ಕಪ್ಪು, ಕಂದು, ಬಿಳಿ ಎಲ್ಲವೂ ಬೆರೆತಿತ್ತು. ವಿದ್ಯಾರ್ಥಿಯ ತಂದೆ ನನ್ನ ಮುಖ ನೋಡಿ, "ರೇಟಿಲ್ಲ ಮೇಷ್ಟ್ರೇ. ಕತ್ತರಿಸೋರಿಗೆ ನಾವೇ ಕೂಲಿ ಕೊಡಬೇಕು. ಕತ್ತರಿಸದೆ ಬಿಟ್ರೆ ಕುರಿಗೆ ಹೇನು, ಕಜ್ಜಿ. ಕತ್ತರಿಸಿದ್ದನ್ನ ತಗೊಳ್ಳೋರಿಲ್ಲ" ಎಂದರು. ಹಿಂದೆ ಕತ್ತರಿಯ ಕಾಲವೆಂದರೆ ಹಬ್ಬ. ಕುರಿಗಳನ್ನು ಕೆರೆಯಲ್ಲಿ ಮೀಯಿಸಿ, ಮುಯ್ಯಾಳುಗಳು ಸೇರಿ ಕತ್ತರಿಸುತ್ತಿದ್ದರು. ಈಗ ಅದು ಬರಿಯ ಖರ್ಚಿನ ಬಾಬ್ತು.

ಒಂದೇ ಹಿತ್ತಲಿನಲ್ಲಿ ಎರಡು ಸಂಗತಿಗಳನ್ನು ಕಂಡೆ: ಮುಂದುಗಡೆ ಉಣ್ಣೆ ಸಾಲದೆ ನಿಲ್ಲುವ ಮಗ್ಗ, ಹಿಂದುಗಡೆ ಕೊಳೆಯುವ ಉಣ್ಣೆ. ಇದೆಂತಹ ಲೆಕ್ಕ? ಯಜಮಾನರೇ ಬಿಡಿಸಿ ಹೇಳಿದರು. ಗುಡ್ಡೆಯಲ್ಲಿದ್ದದ್ದು ಬೆರಕೆ ಕುರಿಗಳ ಗಿಡ್ಡ ಎಳೆಯ ಉಣ್ಣೆ. ಅದು ನೂಲಿಗೆ ನಿಲ್ಲದು. ಕಂಬಳಿಗೆ ಬೇಕಾದದ್ದು ದಖ್ಖನಿ ಕುರಿಯ ಉದ್ದನೆಯ ಕರಿಯ ಉಣ್ಣೆ. ಆ ಕುರಿಯೇ ಹಿಂಡಿನಿಂದ ಹಿಂಡಿಗೆ ಕಡಿಮೆಯಾಗುತ್ತಿದೆ.

ಕುರಿಗಳು ಕಡಿಮೆಯಾಗುತ್ತಿವೆಯೆಂದು ಯಾರೂ ತಿಳಿಯಬಾರದು. 2012ರ ಗಣತಿಯಲ್ಲಿ ಕರ್ನಾಟಕದ ಕುರಿಗಳ ಸಂಖ್ಯೆ ಸುಮಾರು 96 ಲಕ್ಷ. 2019ರ ಗಣತಿಯಲ್ಲಿ 1 ಕೋಟಿ 10 ಲಕ್ಷವನ್ನು ದಾಟಿತು. ದೇಶದಲ್ಲಿಯೂ ಅದೇ ಅವಧಿಯಲ್ಲಿ ಸುಮಾರು ಆರೂವರೆ ಕೋಟಿಯಿಂದ 7 ಕೋಟಿ 42 ಲಕ್ಷಕ್ಕೆ ಏರಿತು. ಆದರೆ ದೇಶದ ಉಣ್ಣೆಯ ಉತ್ಪಾದನೆ 2018-19ರಲ್ಲಿ ಸುಮಾರು 4 ಕೋಟಿ ಕಿಲೋ ಇದ್ದದ್ದು 2022-23ರ ಹೊತ್ತಿಗೆ 3 ಕೋಟಿ 36 ಲಕ್ಷ ಕಿಲೋಗೆ ಇಳಿಯಿತು. ಕುರಿ ಹೆಚ್ಚಿತು, ಉಣ್ಣೆ ಇಳಿಯಿತು. ಕುರಿ ಮಾಂಸವಾಗಿ ಬೆಳೆಯುತ್ತಿದೆ, ಉಣ್ಣೆಯಾಗಿ ಸಾಯುತ್ತಿದೆ ಎಂದೇ ಇದರ ಅರ್ಥ.

ಇದಕ್ಕಾಗಿ ಕುರಿಗಾರನನ್ನು ದೂರುವುದು ಅನ್ಯಾಯ. ಅವನ ಸಂಸಾರ ಮೂರು ಉತ್ಪತ್ತಿಗಳ ಮೇಲೆ ನಿಂತಿತ್ತು: ಮರಿ, ಉಣ್ಣೆ, ಗೊಬ್ಬರ. ಸುಗ್ಗಿಯಾದ ಹೊಲದಲ್ಲಿ ಮಂದೆ ನಿಲ್ಲಿಸಿದರೆ ಹೊಲದವರು ಕಾಳನ್ನೋ ಹಣವನ್ನೋ ಕೊಡುತ್ತಿದ್ದರು. ಅದು ಈಗಲೂ ಅಷ್ಟಿಷ್ಟು ನಡೆದಿದೆ. ಮರಿಯ ಬೆಲೆ ಮಾತ್ರ ನೋಡನೋಡುತ್ತ ಏರಿತು. ಹಾಗಿರುವಾಗ ಬೇಗ ಮೈದುಂಬುವ, ಮೈಮೇಲೆ ಉಣ್ಣೆಯೇ ಇಲ್ಲದ ನೆಲ್ಲೂರು ಕುರಿಯನ್ನು ಅವನು ಏಕೆ ತಂದಾನು ಎಂದು ಕೇಳುವ ಬದಲು, ಏಕೆ ತಾರನು ಎಂದು ಕೇಳಬೇಕು. ತೆಲಂಗಾಣ ಸರ್ಕಾರ 2017ರಲ್ಲಿ ಮುಕ್ಕಾಲು ಪಾಲು ಸಹಾಯಧನದಲ್ಲಿ ಹಂಚತೊಡಗಿದ ಕುರಿಗಳ ಯೋಜನೆಯಲ್ಲಿಯೂ ಲೆಕ್ಕಕ್ಕೆ ಬಂದದ್ದು ಮಾಂಸ. ಗೊಂಗಡಿ ನೇಯುವವನ ಮಗ್ಗವಲ್ಲ.

ಉಣ್ಣೆಗೆ ಬೆಲೆ ಹೋದದ್ದಾದರೂ ಹೇಗೆ? ಪರದೇಶದ ಉಣ್ಣೆಯಿಂದ ಎನ್ನುವವರಿದ್ದಾರೆ. ಆಸ್ಟ್ರೇಲಿಯಾದೊಡನೆ ಆದ ವಾಣಿಜ್ಯ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಗೆ ಬಂದು ಅಲ್ಲಿಯ ಉಣ್ಣೆಗೆ ಸುಂಕ ಇಲ್ಲವಾದದ್ದು ನಿಜ. ಆದರೆ ಮೆರಿನೊ ನಮ್ಮ ಕಂಬಳಿಯ ಪ್ರತಿಸ್ಪರ್ಧಿಯಲ್ಲ. ಅದು ಸ್ವೆಟರಿನ, ಸೂಟಿನ ಉಣ್ಣೆ; ಅದರ ಎಳೆ ಸಾಮಾನ್ಯವಾಗಿ 24 ಮೈಕ್ರಾನಿಗಿಂತ ಸಣ್ಣ. ನಮ್ಮದು ಒರಟು, ಮೈಗೆ ಚುಚ್ಚುವಂಥದು, ಬೇರೆ ಬಣ್ಣ ಹಿಡಿಯದ ಕಪ್ಪು, ಗಿರಣಿಯವನಿಗೆ ಬೇಡ. ಕಂಬಳಿಯ ನಿಜವಾದ ವೈರಿಗಳು ಎರಡು. ಮಲೆನಾಡಿನಲ್ಲಿ ಮಳೆಗಾಲವೆಂದರೆ ಕಂಬಳಿಕೊಪ್ಪೆ; ಕುವೆಂಪು ಅವರ ಕಾದಂಬರಿಗಳನ್ನು ಓದಿದವರಿಗೆ ಇದನ್ನು ಹೇಳಬೇಕಾದುದಿಲ್ಲ. ಬಯಲುಸೀಮೆಯ ಮಗ್ಗಗಳಿಗೆ ಮಲೆನಾಡಿನ ಮಳೆಯೇ ಅನ್ನದಾತ. ಆ ಕೊಪ್ಪೆಯ ಸ್ಥಾನವನ್ನು ಪ್ಲಾಸ್ಟಿಕ್ ಹಾಳೆ ಹಿಡಿಯಿತು. ಹೊದಿಕೆಯ ಸ್ಥಾನವನ್ನು ಪಾಣಿಪತ್ತಿನ ಕಂಬಳಿ ಹಿಡಿಯಿತು. ಇದು ಹಳೆಯ ಉಣ್ಣೆಬಟ್ಟೆಗಳ ಚಿಂದಿಯನ್ನು ಹರಿದು, ಮತ್ತೆ ನೂತು ಮಾಡಿದ್ದು. ಈ ವಿದ್ಯೆ 1813ರಲ್ಲಿ ಇಂಗ್ಲೆಂಡಿನ ಬ್ಯಾಟ್ಲಿಯಲ್ಲಿ ಹುಟ್ಟಿತು. ಇಂದು ಪಾಣಿಪತ್ತು ಅದರ ರಾಜಧಾನಿ. ಕೆಲವೇ ನೂರು ರೂಪಾಯಿಗೆ ಬಡವನಿಗೊಂದು ಬೆಚ್ಚನೆಯ ಹೊದಿಕೆ ಸಿಗುವುದನ್ನು ಬೇಡವೆನ್ನಲು ನಾವಾರು?

ಮೂರನೆಯದೊಂದು ಕಾರಣವನ್ನು ಚಳ್ಳಕೆರೆಯಲ್ಲಿ ಕಣ್ಣಾರೆ ಕಾಣಬಹುದು. ಅಲ್ಲಿಯ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆ ಹುಲ್ಲುಗಾವಲನ್ನು ಹದಿನೈದು ವರ್ಷಗಳ ಹಿಂದೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಶಿಕ್ಷಣಗಳ ದೊಡ್ಡ ಸಂಸ್ಥೆಗಳಿಗೆ ವಹಿಸಿಕೊಡಲಾಯಿತು. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. 2017ರಲ್ಲಿ ವಿಮಾನಗಳ ಪರೀಕ್ಷಾ ಕೇಂದ್ರದ ಉದ್ಘಾಟನೆಯೂ ಆಯಿತು. ದೇಶಕ್ಕೆ ವಿಜ್ಞಾನ ಬೇಡವೆಂದು ನಾನು ಹೇಳಲಾರೆ. ಆದರೆ ದಖ್ಖನಿ ಕುರಿ ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕುವ ಪ್ರಾಣಿಯಲ್ಲ. ಬಿಸಿಲಿನಲ್ಲಿ ಹತ್ತಾರು ಮೈಲಿ ನಡೆಯುವುದೇ ಅದರ ಗುಣ. ಗೋಡೆ ಎದ್ದ ದಿನ ಆ ಗುಣಕ್ಕೆ ಬೆಲೆಯಿಲ್ಲವಾಯಿತು. ವಿದ್ಯಾರ್ಥಿಯ ತಂದೆ ಆ ಗೋಡೆಯನ್ನು ತೋರಿಸಿದರೇ ಹೊರತು ಏನನ್ನೂ ಹೇಳಲಿಲ್ಲ.

ಈಗ ಸ್ಕಾಟ್ಲೆಂಡಿನ ಮಾತಿಗೆ ಹಿಂದಿರುಗೋಣ. ಹಳೆಯ ಗಿರಣಿಗಳನ್ನು ಅಷ್ಟು ಜತನದಿಂದ ಉಳಿಸಿಕೊಂಡ ಆ ನಾಡುಗಳಲ್ಲಿ ಉಣ್ಣೆಯ ಗತಿಯೇನು? 2020ರಲ್ಲಿ ಬ್ರಿಟನ್ನಿನ ಉಣ್ಣೆಯ ಬೆಲೆ ಎಷ್ಟು ಕುಸಿಯಿತೆಂದರೆ, ಕತ್ತರಿಸಿದ ಕೂಲಿಯೂ ಹುಟ್ಟದೆ ಎಷ್ಟೋ ರೈತರು ಉಣ್ಣೆಯನ್ನು ಸುಟ್ಟರು, ಗೊಬ್ಬರಕ್ಕೆ ಹಾಕಿದರು. ಚಳ್ಳಕೆರೆಯ ಬೇಲಿಯ ಪಕ್ಕದ ಗುಡ್ಡೆ ಅಲ್ಲಿಯೂ ಇತ್ತು. ಹ್ಯಾರಿಸ್ ಟ್ವೀಡಿಗೆ ಅಲ್ಲಿಯ ಪಾರ್ಲಿಮೆಂಟು 1993ರಲ್ಲಿ ಒಂದು ಕಾಯಿದೆಯನ್ನೇ ಮಾಡಿತು: ದ್ವೀಪವಾಸಿಗಳು ತಮ್ಮ ಮನೆಗಳಲ್ಲಿ ಕೈಯಾರೆ ನೇಯ್ದಿರಬೇಕು, ಉಣ್ಣೆಗೆ ಬಣ್ಣ ಕಟ್ಟುವುದೂ ನೂಲುವುದೂ ಆ ದ್ವೀಪಗಳಲ್ಲಿಯೇ ಆಗಬೇಕು, ಹೊಸ ಉಣ್ಣೆಯಾಗಿರಬೇಕು. ನೇಕಾರನಿಗೆ ಅದರಿಂದ ಬದುಕು ಸಿಕ್ಕಿತು, ಕಾಯಿದೆ ಮೆಚ್ಚತಕ್ಕದ್ದೇ. ಆದರೆ ಆ ಉಣ್ಣೆಯ ಕುರಿ ಎಲ್ಲಿ ಮೇಯಬೇಕೆಂಬುದನ್ನು ಕಾಯಿದೆ ಹೇಳುವುದಿಲ್ಲ. ಟ್ವೀಡಿಗೆ ಅದರಿಂದ ಕುಂದಿಲ್ಲ. ಕಂಬಳಿಗೆ ಅದು ಸಾಲದು. ಬೇರೆ ಉಣ್ಣೆಯಿಂದ ನೇಯ್ದ ಕಂಬಳಿ ಕಂಬಳಿಯೇ ಅಲ್ಲ. ಮೈಲಾರದ ಗೊರವರ ಮೈಮೇಲಿನ ಕಪ್ಪನ್ನು ಯಾವ ಬಣ್ಣದಂಗಡಿಯೂ ಕೊಡಲಾರದು.

ಹಾಗಾದರೆ ವಸ್ತುಸಂಗ್ರಹಾಲಯ ಬೇಡವೆ? ಆಗಲಿ. ಬೆಂಗಳೂರಿನಲ್ಲಿ 1884ರಲ್ಲಿ ಹುಟ್ಟಿ, ಉಣ್ಣೆಯನ್ನೂ ಹತ್ತಿಯನ್ನೂ ರೇಷ್ಮೆಯನ್ನೂ ನೇಯ್ದ ಗಿರಣಿಯ ನೆನಪಿಗೆ ಇಂದು ಬಿನ್ನಿಪೇಟೆಯೆಂಬ ಹೆಸರೂ ಮೇಲೆ ಗಗನಚುಂಬಿ ಮನೆಗಳೂ ಉಳಿದಿವೆ. ಅದಕ್ಕಿಂತ ಒಂದು ಮ್ಯೂಸಿಯಂ ಎಷ್ಟೋ ಮೇಲು. ಆದರೆ ಕೈಮಗ್ಗಕ್ಕೆ, ತರಬೇತಿಗೆ, ಪ್ರದರ್ಶನಕ್ಕೆ ಎಂದು ಕೊಡುವ ಹಣವೆಲ್ಲ ಮಗ್ಗದ ಬಳಿಗೆ ಬಂದು ನಿಲ್ಲುತ್ತದೆ. ಅದರಲ್ಲಿ ಒಂದು ಪಾಲು ಕುರಿಯ ಬೆನ್ನಿನವರೆಗೆ ಹೋಗಬೇಕೆಂಬುದು ನನ್ನ ವಾದ. ಅಪ್ಪಟ ದಖ್ಖನಿ ಟಗರನ್ನು ಹಿಂಡಿನಲ್ಲಿ ಉಳಿಸಿಕೊಂಡವನಿಗೆ ವರ್ಷಕ್ಕಿಷ್ಟು ಎಂದು ಕೊಡಲಿ. ಕತ್ತರಿಯ ಕೂಲಿ ಹುಟ್ಟುವಷ್ಟಾದರೂ ಬೆಲೆಗೆ ಕರಿಯ ಉಣ್ಣೆಯನ್ನು ಬೇರೆಯಾಗಿ ಕೊಳ್ಳುವ ಏರ್ಪಾಡಾಗಲಿ. ಉಳಿದಿರುವ ಕಾವಲಿನಲ್ಲಿ ಮೇಯಿಸುವ ಹಕ್ಕು ಬರಹದಲ್ಲಿ ಸಿಗಲಿ. ಉಣ್ಣೆಯನ್ನು ಮೃದುಗೊಳಿಸುವೆವೆಂದು ಪರದೇಶದ ಟಗರುಗಳನ್ನು ತಂದು ದಶಕಗಟ್ಟಲೆ ಬೆರಕೆ ಮಾಡಿದ ನಮ್ಮ ದೇಶಕ್ಕೆ, ಇದ್ದ ಒರಟನ್ನು ಒರಟಾಗಿಯೇ ಕಾಪಾಡುವುದು ಅಷ್ಟೇನೂ ದುಬಾರಿಯಲ್ಲ. ಕಂಬಳಿ ಚುಚ್ಚುತ್ತದೆ ಎನ್ನುವ ಪೇಟೆಯವರಿಗೆ ಕಂಬಳಿಯ ಮೇಲೆ ಊಟಕ್ಕೆ ಕುಳಿತು ಕೂದಲೆಂದವನ ಗಾದೆಯನ್ನು ನೆನಪಿಸಿದರೆ ಸಾಕು.

ಹೊರಡುವಾಗ ನಾನೂ ಒಂದು ಕಂಬಳಿಗೆ ಹೇಳಿ, ಮುಂಗಡ ಕೊಟ್ಟು ಬಂದೆ. ಯಜಮಾನರು ಹಣವನ್ನು ಎಣಿಸದೆ ಕಿಸೆಗೆ ಹಾಕಿಕೊಂಡು, ಸಂಕ್ರಾಂತಿಗೆ ಕೊಡುತ್ತೇನೆ ಎಂದಿದ್ದರು. ಸಂಕ್ರಾಂತಿ ಕಳೆದು ಶಿವರಾತ್ರಿ ಬಂದಾಗ ಫೋನು ಮಾಡಿ ವಿಚಾರಿಸಿದೆ. "ಹಾಸು ಆಗೈತೆ ಮೇಷ್ಟ್ರೇ, ಹೊಕ್ಕಿಗೆ ಕರಿ ಉಣ್ಣೆ ಸಾಲ್ಲಿಲ್ಲ. ಆಂಧ್ರದ ಕಡೆ ಮೇಯೋಕೆ ಹೋದ ಹಿಂಡೊಂದೈತೆ, ಅದರಲ್ಲಿ ಇಪ್ಪತ್ತು ಕರೇವು ಅವೆ. ಮುಂಗಾರಿಗೆ ವಾಪಸ್ಸು ಬರ್ತಾವೆ. ಅವು ಬರಲಿ" ಎಂದರು.