ಅರಸುಮಗನ ಕತ್ತಿ, ಕಲ್ಲುಕುಟಿಗನ ಉಳಿ



ಬಾದಾಮಿಯ ಮೂರನೆಯ ಗುಹೆಯನ್ನು ನೋಡಿ ಬಂದವರು "ಮಂಗಳೇಶ ಎಂಥ ಪುಣ್ಯಾತ್ಮ!" ಎನ್ನುತ್ತಾರೆ. ಉತ್ಸವದ ವೇದಿಕೆಯ ಭಾಷಣಕಾರರೂ ಇದನ್ನೇ ಹೇಳುತ್ತಾರೆ. ಆದರೆ ಇಳಕಲ್ಲಿನ ಮಗ್ಗದ ಮುಂದೆ ಬೆನ್ನು ಬಗ್ಗಿಸುವವನು, ಬಾಗಲಕೋಟೆಯ ಪೇಟೆಯಲ್ಲಿ ತಕ್ಕಡಿ ಹಿಡಿದು ಬದುಕುವವನು ಒಂದು ಮಾತು ಕೇಳಲೇಬೇಕು: ಈ ಪುಣ್ಯದ ಖರ್ಚು ಯಾರ ಲೆಕ್ಕಕ್ಕೆ ಬಿತ್ತು?

ಮಂಗಳೇಶ ಚಾಲುಕ್ಯರ ಅರಸುಮಗ, ದೊರೆ ಒಂದನೆಯ ಕೀರ್ತಿವರ್ಮನ ತಮ್ಮ. ಕ್ರಿ.ಶ. 578ರಲ್ಲಿ ಗುಹೆ ಮುಗಿಸಿ ವಿಷ್ಣುವನ್ನು ನಿಲ್ಲಿಸಿದ. ಅದರ ಪುಣ್ಯವನ್ನು ಅಣ್ಣನಿಗೆ ಧಾರೆಯೆರೆದುದಾಗಿ ಕಲ್ಲಿನ ಮೇಲೆ ಬರೆಸಿದ. ಗುಡಿಯ ನಡೆವಳಿಗೆ ಒಂದು ಹಳ್ಳಿಯನ್ನೇ ಬಿಟ್ಟುಕೊಟ್ಟ. ಅಲ್ಲಿನ ಕನ್ನಡ ಶಾಸನದ ಪ್ರಕಾರ ಹೂಮಾಲೆ ಕಟ್ಟುವವರ ಪಾಲು ಅರ್ಧ ವೀಸ. ದಾನ ಕೆಡಿಸಿದವನು ಏಳನೆಯ ನರಕದ ಹುಳು! ಹಳ್ಳಿ ಕೊಟ್ಟನೆಂದರೆ ಏನು ಕೊಟ್ಟ? ಮಣ್ಣನ್ನು ತಲೆಯ ಮೇಲೆ ಹೊತ್ತು ತಂದನೇ? ಅಲ್ಲಿ ಉತ್ತು ಬಿತ್ತಿದವರ ಬೆವರಿನ ಪಾಲನ್ನು ಕೊಟ್ಟ. ಕೊಟ್ಟವನ ಹೆಸರು ಉಳಿಯಿತು, ಬೆಳೆದವನ ಹೆಸರು ಅಳಿಯಿತು.

ಅಣ್ಣ ತೀರಿಕೊಂಡಾಗ ಅಣ್ಣನ ಮಗ ಪುಲಕೇಶಿ ಇನ್ನೂ ಹುಡುಗ. ಚಿಕ್ಕಪ್ಪ ಗದ್ದುಗೆ ಏರಿದ. ದಂಡು ಕಟ್ಟಿ ಕಳಚುರಿ ಬುದ್ಧರಾಜನನ್ನು ಸೋಲಿಸಿದ, ಪಡುವಣ ಕಡಲಿನ ರೇವತೀದ್ವೀಪವನ್ನು ಹಿಡಿದ. ಕಳಚುರಿಗಳಿಂದ ತಂದ ಸಂಪತ್ತು ಮಹಾಕೂಟದ ದೇವರಿಗೆ ಸಂದಿತೆಂದು ಅಲ್ಲಿ ಕಂಬ ನಿಲ್ಲಿಸಿ ಬರೆಸಿದರು. ಆ ಕಂಬ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಲೂಟಿಯ ಲೆಕ್ಕ ಕಂಬ ಏರಿತು. ದಂಡಿನಲ್ಲಿ ಸತ್ತವರ ಲೆಕ್ಕ ಮಣ್ಣು ಸೇರಿತು.

ಮುಂದಿನ ಕತೆ ಹುನಗುಂದ ಸೀಮೆಯ ಐಹೊಳೆಯಲ್ಲಿದೆ. ಮೇಗುತಿ ಗುಡಿಯ ಗೋಡೆಯ ಮೇಲೆ ರವಿಕೀರ್ತಿ 634ರಲ್ಲಿ ಬರೆದಿಟ್ಟಿದ್ದಾನೆ: ಚಿಕ್ಕಪ್ಪ ರಾಜ್ಯವನ್ನು ತನ್ನ ಮಗನಿಗೆ ಕಟ್ಟಲು ಹೋಗಿ, ಆ ಪ್ರಯತ್ನವನ್ನೂ ರಾಜ್ಯವನ್ನೂ ಪ್ರಾಣವನ್ನೂ ಒಟ್ಟಿಗೇ ಕಳೆದುಕೊಂಡ. ಬರೆದವನು ಗೆದ್ದವನ ಕವಿ. ಸೋತವನ ಮಾತು ಅಲ್ಲಿಲ್ಲ. ಆದರೂ ಒಂದು ಸತ್ಯ ಅವನ ಬಾಯಿಂದಲೇ ಹೊರಬಿದ್ದಿದೆ. ಮನೆಯೊಳಗಿನ ಈ ಕಾಳಗ ಮುಗಿದಾಗ ನಾಡಿಗೆ ಶತ್ರುಗಳ ಕತ್ತಲೆ ಕವಿದಿತ್ತು. ಆಪ್ಪಾಯಿಕ, ಗೋವಿಂದ ಎಂಬವರು ಆನೆಯ ದಂಡು ಕಟ್ಟಿಕೊಂಡು ಭೀಮಾ ನದಿಯ ಉತ್ತರದ ಸೀಮೆಗೆ ನುಗ್ಗಿದ್ದರು. ಗದ್ದುಗೆಯ ಜಗಳ ಅರಮನೆಯದು, ಸುಡುವ ಹೊಲ ರೈತನದು! ಗೆದ್ದ ಪುಲಕೇಶಿಯ ಹಿರಿಮೆಯಾದರೂ ಊರನ್ನು ಉಳಿಸಿತೇ? 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದ. ಹನ್ನೆರಡು ವರ್ಷಗಳಷ್ಟು ಕಾಲ ಊರು ಪರರ ಕೈಯಲ್ಲಿತ್ತು.

ಇದು ಸಾವಿರದ ನಾನೂರು ವರ್ಷದ ಹಳೆಯ ಮಾತು ಎನ್ನುವಿರಾ? ಜಪಾನಿನ ಕಡೆ ನೋಡಿರಿ. 1937ರ ಡಿಸೆಂಬರಿನಲ್ಲಿ ಚೀನದ ನಾನ್‌ಜಿಂಗ್ ಪಟ್ಟಣಕ್ಕೆ ನುಗ್ಗಿ ಕೊಲೆ ಅತ್ಯಾಚಾರ ನಡೆಸಿದ ದಂಡಿನ ಮುಖ್ಯ ನಾಯಕರಲ್ಲಿ ಚಕ್ರವರ್ತಿಯ ಮನೆತನದ ರಾಜಕುಮಾರ ಅಸಾಕಾ ಒಬ್ಬ. ಯುದ್ಧ ಮುಗಿದ ಮೇಲೆ ಜನರಲ್ ಮತ್ಸುಯಿಯನ್ನು 1948ರಲ್ಲಿ ಗಲ್ಲಿಗೇರಿಸಿದರು. ಅಸಾಕಾನ ಮೇಲೆ ಮೊಕದ್ದಮೆಯೇ ನಡೆಯಲಿಲ್ಲ. ಗೆದ್ದ ಅಮೆರಿಕದವರು ರಾಜಮನೆತನವನ್ನು ಮುಟ್ಟಲಿಲ್ಲ. ಅವನು ರಾಜಪದವಿ ಕಳೆದುಕೊಂಡ, ನಿಜ. ಆದರೆ ಗಾಲ್ಫ್ ಆಡಿಕೊಂಡು 93 ವರ್ಷ ಬಾಳಿ 1981ರಲ್ಲಿ ತೀರಿಕೊಂಡ. ರಕ್ತ ನೀಲಿಯಾದರೆ ಕುತ್ತಿಗೆಗೆ ಹಗ್ಗ ತಾಗದು!

"ಅರಸರಿಲ್ಲದಿದ್ದರೆ ಗುಹೆ ಎಲ್ಲಿರುತ್ತಿತ್ತು?" ಎಂದು ಪಂಡಿತರು ಕೇಳುತ್ತಾರೆ. ಸ್ವಾಮಿ, ಮಂಗಳೇಶ ಉಳಿ ಹಿಡಿದನೇ? ಆ ಕೆಂಪು ಬಂಡೆಯಲ್ಲಿ ಕಂಬವನ್ನೂ ವರಾಹನನ್ನೂ ಕಂಡವು ಕೂಲಿಯ ಕಣ್ಣುಗಳು. ಬಾದಾಮಿಯ ಬಂಡೆಗಳ ಮೇಲೆ ಕೆಲವು ಶಿಲ್ಪಿಗಳ ಹೆಸರು ಇಂದಿಗೂ ಇವೆ. ಮನೆ-ಗುಡಿ ಕಟ್ಟುವುದರಲ್ಲಿ ನರಸೊಬ್ಬನಂಥವನು ಹಿಂದೆ ಇರಲಿಲ್ಲ, ಮುಂದೆ ಇರಲಾರನೆಂದು ಐಹೊಳೆಯಲ್ಲೇ ಬರೆದಿದೆ. ಆ ಹೆಸರುಗಳನ್ನು ನಮ್ಮ ಮಕ್ಕಳಿಗೆ ಯಾರು ಕಲಿಸುತ್ತಾರೆ?

ಚಾಲುಕ್ಯ ಉತ್ಸವ ನಡೆಯಲಿ, ಬೇಡವೆನ್ನುವವರು ನಾವಲ್ಲ. ಆದರೆ ಮೆರವಣಿಗೆಯಲ್ಲಿ ಕುದುರೆ ಏರಿದ ಅರಸನ ಮುಂದೆ ಉಳಿ ಹಿಡಿದ ನರಸೊಬ್ಬ ನಡೆಯಲಿ, ಅರ್ಧ ವೀಸದ ಹೂಗಾರ ನಡೆಯಲಿ. ಇಳಕಲ್ ಸೀರೆಯ ಸೆರಗಿನಲ್ಲಿ ಸಾಹುಕಾರನ ಮುದ್ರೆ ಕಂಡು ನೇಕಾರನ ಹೆಸರು ಕಾಣದಿರುವುದಕ್ಕೂ, ಗುಹೆಯ ಕಲ್ಲಿನಲ್ಲಿ ಅರಸುಮಗನೊಬ್ಬನೇ ಕಾಣುವುದಕ್ಕೂ ಕಾರಣ ಒಂದೇ. ಅದನ್ನು ಅರಿತವನು ಇನ್ನು ಕತ್ತಿಗೆ ಜೈಕಾರ ಹಾಕಲಾರ.