ಅಗ್ಗದ ಆಟೊ, ನ್ಯಾಯದ ಬಾಡಿಗೆ

ಪಾಸ್ಖ ಹಬ್ಬ ಕಳೆದು ಶಾಲೆಗಳಿಗೆ ರಜೆ ಬಂದಿತೆಂದರೆ ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳು ರಾತ್ರಿಯ ರೈಲು ಹಿಡಿದು ಕೇರಳದತ್ತ ಹೊರಡುವುದು ವಾಡಿಕೆ. ಅವರಲ್ಲಿ ಹಲವರು ಒಂದು ದಿನವನ್ನು ಕೊಚ್ಚಿಗೆಂದು ಮೀಸಲಿಡುತ್ತಾರೆ. ಹಿಂದಿರುಗಿ ಬಂದವರು ಹೇಳುವ ಮಾತುಗಳು ಬಹುಮಟ್ಟಿಗೆ ಎರಡು. ಇಡೀ ಹಳೆಯ ಊರನ್ನು ತೋರಿಸಲು ಆಟೊದವನು ಕೇಳಿದ ಬಾಡಿಗೆಯನ್ನು ಚೌಕಾಶಿ ಮಾಡಿ ಅರ್ಧಕ್ಕಿಳಿಸಿದೆವು ಎಂಬುದು ಮೊದಲನೆಯದು. ಆದರೆ ಅವನು ನಮ್ಮನ್ನು ಅಂಗಡಿಯಿಂದ ಅಂಗಡಿಗೆ ಅಲೆಸಿ ಹೊತ್ತು ಹಾಳುಮಾಡಿದ ಎಂಬುದು ಎರಡನೆಯದು. ಮೊದಲನೆಯದನ್ನು ಹೆಮ್ಮೆಯಿಂದಲೂ ಎರಡನೆಯದನ್ನು ಸಿಟ್ಟಿನಿಂದಲೂ ಹೇಳುತ್ತಾರೆ. ಮೊದಲನೆಯದರ ಹೊಟ್ಟೆಯಲ್ಲೇ ಎರಡನೆಯದು ಹುಟ್ಟಿತೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ವ್ಯವಹಾರ ನಡೆಯುವ ಬಗೆ ಸರಳವಾಗಿದೆ. ಫೋರ್ಟ್ ಕೊಚ್ಚಿಯ ಕಡವಿನಲ್ಲಿ ದೋಣಿಯಿಂದಿಳಿದು ಬರುವ ಪ್ರವಾಸಿಗನ ಮುಂದೆ ಚಾಲಕನು ಒಂದು ಚಿತ್ರಫಲಕವನ್ನು ಹಿಡಿಯುತ್ತಾನೆ. ಚೀನೀ ಬಲೆ, ಸಂತ ಫ್ರಾನ್ಸಿಸರ ಇಗರ್ಜಿ, ಸಾಂತಾಕ್ರೂಸ್ ಬಸಿಲಿಕಾ, ಧೋಬಿ ಖಾನಾ, ಮಟ್ಟಾಂಚೇರಿಯ ಅರಮನೆ, ಯೆಹೂದ್ಯರ ಪ್ರಾರ್ಥನಾಮಂದಿರ, ಎಲ್ಲವೂ ಆ ಫಲಕದಲ್ಲಿರುತ್ತವೆ. ಅದರಲ್ಲಿಲ್ಲದ್ದು ಸಾಂಬಾರ ಪದಾರ್ಥಗಳ ಮತ್ತು ಕರಕುಶಲ ವಸ್ತುಗಳ ಅಂಗಡಿಗಳು. ಗಿರಾಕಿಯನ್ನು ಒಳಗೆ ಕರೆತಂದ ಚಾಲಕನಿಗೆ ಇಂತಹ ಅಂಗಡಿಗಳು ಇಂಧನದ ಚೀಟಿಯನ್ನೋ ನಗದನ್ನೋ ಕೊಡುತ್ತವೆ. ಗಿರಾಕಿ ಏನಾದರೂ ಕೊಂಡರೆ ಅದರಲ್ಲೂ ಒಂದು ಪಾಲು ಸಲ್ಲುತ್ತದೆ. ನಾವು ಬಾಡಿಗೆಯಲ್ಲಿ ಉಳಿಸಿದೆವೆಂದುಕೊಂಡ ಹಣವು ಏಲಕ್ಕಿಯ ಬೆಲೆಯೊಳಗೆ ಸೇರಿ ನಮ್ಮಿಂದಲೇ ವಸೂಲಾಗುತ್ತದೆ. ನಾವು ಕೊಳ್ಳದಿದ್ದರೆ ನಮ್ಮ ಹಿಂದೆ ಬಂದ ಇನ್ನೊಂದು ಕುಟುಂಬ ಅದನ್ನು ತೆರುತ್ತದೆ.

ಆಟೊ ಸಾಲದ ಕಂತು, ವಿಮೆ, ಅರ್ಹತಾ ಪತ್ರ, ಗ್ಯಾಸು, ರಿಪೇರಿ, ಇವೆಲ್ಲವೂ ಪ್ರವಾಸಿಗರು ಬಂದರೂ ಬಾರದಿದ್ದರೂ ತಪ್ಪುವುದಿಲ್ಲ. ಮಳೆಗಾಲದ ತಿಂಗಳುಗಳಲ್ಲಿ ಊರು ಬರಿದಾಗುತ್ತದೆ. 2018ರ ಪ್ರವಾಹ, ಅದರ ಬೆನ್ನಿಗೇ 2020ರ ಕೊರೋನಾ, ಇವು ಆ ಜನರನ್ನು ಎಷ್ಟು ಹಿಂದಕ್ಕೆ ತಳ್ಳಿದವೆಂಬುದನ್ನು ಊಹಿಸುವುದು ಕಷ್ಟವಲ್ಲ. ಇಂತಹವನ ಬಳಿ ಎರಡು ಗಂಟೆಯ ದುಡಿಮೆಗೆ ಗ್ಯಾಸಿನ ಖರ್ಚೂ ಹುಟ್ಟದ ಬಾಡಿಗೆಯನ್ನು ನಾವು ಗೊತ್ತುಮಾಡಿದರೆ, ಉಳಿದ ಹಣವನ್ನು ಅವನು ಎಲ್ಲಿಂದಲಾದರೂ ತರಲೇಬೇಕು.

'ಅವನೇ ಒಪ್ಪಿದನಲ್ಲ ಫಾದರ್' ಎಂದು ಒಬ್ಬರು ನನ್ನನ್ನು ಕೇಳಿದ್ದುಂಟು. ಈ ಪ್ರಶ್ನೆಗೆ ಧರ್ಮಸಭೆ ಬಹಳ ಹಿಂದೆಯೇ ಉತ್ತರವಿತ್ತಿದೆ. ಸಂತ ಥಾಮಸ್ ಅಕ್ವಿನಾಸರು ನ್ಯಾಯವಾದ ಬೆಲೆಯನ್ನು ಕುರಿತು ವಿಚಾರಿಸುವಾಗ ಮಾರುವವನನ್ನು ಮಾತ್ರ ಕಟಕಟೆಗೆ ಕರೆಯುವುದಿಲ್ಲ. ಸರಕನ್ನು ಅದರ ಯೋಗ್ಯತೆಗಿಂತ ಹೆಚ್ಚಿಗೆ ಮಾರುವುದು ಹೇಗೋ ಹಾಗೆಯೇ ಕಡಿಮೆಗೆ ಕೊಳ್ಳುವುದೂ ಅನ್ಯಾಯವೆನ್ನುತ್ತಾರೆ. ಗುರುಮಠದಲ್ಲಿ ಈ ಭಾಗವನ್ನು ಓದುವಾಗ ಇದೇನೋ ಮಧ್ಯಯುಗದ ಸಂತೆಯ ವಿಚಾರವೆಂದು ತರುಣರಾದ ನಾವು ನಗುತ್ತಿದ್ದೆವು. ಮುಂದೆ ಪೋಪ್ 13ನೆಯ ಲಿಯೊರವರು 1891ರ 'ರೇರುಂ ನೊವಾರುಂ' ಪರಿಪತ್ರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇಬ್ಬರು ಒಪ್ಪಿಕೊಂಡ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ. ಗತ್ಯಂತರವಿಲ್ಲದೆ ಒಪ್ಪಿದವನು ಬಲಾತ್ಕಾರಕ್ಕೆ ಒಳಗಾದವನೇ ಎಂಬುದು ಅವರ ನಿಲುವು. ಬಾಡಿಗೆಗೆ ನಿಂತ ಹತ್ತು ಆಟೊಗಳ ನಡುವೆ ಬೆಳಗಿನಿಂದ ಬೋಣಿಯಾಗದೆ ನಿಂತವನು ಒಪ್ಪುವ ಒಪ್ಪಿಗೆ ಯಾವ ಬಗೆಯದೆಂದು ಬೇರೆ ಹೇಳಬೇಕಾಗಿಲ್ಲ.

ಹಾಗೆಂದು ಚೌಕಾಶಿಯೇ ಪಾಪವೆಂದು ನಾನು ಹೇಳುತ್ತಿಲ್ಲ. ನಮ್ಮ ತಾಯಂದಿರು ಮೀನು ಮಾರುವವಳೊಡನೆ ಬಂಗುಡೆಯ ಬೆಲೆಗಾಗಿ ಕಾದಾಡುವುದನ್ನು ನೋಡಿ ಬೆಳೆದವರು ನಾವು. ಅಲ್ಲಿ ಇಬ್ಬರಿಗೂ ಅಂದಿನ ಧಾರಣೆ ಗೊತ್ತಿರುತ್ತದೆ, ನಾಳೆ ಇಬ್ಬರೂ ಮತ್ತೆ ಮುಖ ನೋಡಬೇಕಾಗಿರುತ್ತದೆ. ಪರವೂರಿನ ಚಾಲಕನೊಡನೆ ಈ ಎರಡೂ ಇಲ್ಲ. ಅಪರಿಚಿತರಿಂದ, ಅದರಲ್ಲೂ ವಿದೇಶೀಯರಿಂದ, ದುಪ್ಪಟ್ಟು ಕೀಳುವ ಚಾಲಕರೂ ಇದ್ದಾರೆ. ಅವರ ತಪ್ಪು ಅವರದು. ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ.

ಈ ವ್ಯವಹಾರದಲ್ಲಿ ನಾವು ಕಳೆದುಕೊಳ್ಳುವುದೇನೆಂಬುದನ್ನೂ ನೋಡಬೇಕು. ಅಂಗಡಿಯಲ್ಲಿ ಮುಕ್ಕಾಲು ಗಂಟೆ ಕಳೆದವರಿಗೆ ಬಸಿಲಿಕಾದಲ್ಲಿ ಹತ್ತು ನಿಮಿಷ ದೊರೆತರೆ ಪುಣ್ಯ. ಸಾಂತಾಕ್ರೂಸ್ ದೇವಾಲಯದ ಕಥೆ ಹತ್ತು ನಿಮಿಷಕ್ಕೆ ಸಿಗುವಂಥದ್ದಲ್ಲ. ಪೋರ್ಚುಗೀಸರು 16ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಮೂಲ ಇಗರ್ಜಿಯನ್ನು 1663ರಲ್ಲಿ ಊರನ್ನು ಗೆದ್ದ ಡಚ್ಚರು ಕೆಡವದೆ ಆಯುಧಗಳ ಉಗ್ರಾಣ ಮಾಡಿಕೊಂಡರು. 1795ರಲ್ಲಿ ಬಂದ ಬ್ರಿಟಿಷರ ಕೈಯಲ್ಲಿ ಅದು ನೆಲಸಮವಾಯಿತು. ಅದರ ಒಂದು ಕಲ್ಲುಕಂಬ ಮಾತ್ರ ಇಂದಿಗೂ ಆವರಣದ ಮೂಲೆಯಲ್ಲಿ ನಿಂತಿದೆ. ಈಗಿನ ಕಟ್ಟಡದ ಕೆಲಸಕ್ಕೆ ಧರ್ಮಾಧ್ಯಕ್ಷ ಜುವಾಂವ್ ಗೋಮೆಸ್ ಫೆರೇರಾರವರು 1887ರಲ್ಲಿ ಕೈಹಾಕಿದರು. ಅದರ ಅಭಿಷೇಕವಾದುದು 1905ರಲ್ಲಿ. ಪೋಪ್ 2ನೆಯ ಜಾನ್ ಪಾಲ್‌ರವರು 1984ರಲ್ಲಿ ಅದನ್ನು ಬಸಿಲಿಕಾ ಪದವಿಗೇರಿಸಿದರು.

ಮಂಗಳೂರಿನವರು ಇಲ್ಲಿ ಅವಸರಪಡಬಾರದೆಂದು ನಾನು ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಒಳಗಿನ ವರ್ಣಚಿತ್ರಗಳನ್ನು ಬರೆದವರು ಯೇಸುಸಭೆಯ ಬ್ರದರ್ ಅಂತೋನಿಯೊ ಮೊಸ್ಕೇನಿ. ನಮ್ಮ ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಛಾವಣಿಗಳನ್ನು 1899ರಿಂದ 1901ರವರೆಗೆ ಚಿತ್ರಗಳಿಂದ ತುಂಬಿದ ಅದೇ ಇಟಲಿಯ ಕಲಾವಿದರು. ಕೊಚ್ಚಿಯ ಕೆಲಸದಲ್ಲಿ ಅವರ ಕೈಗೆ ಕೈ ಸೇರಿಸಿದವನು ಮಂಗಳೂರಿನ ಡ ಗಾಮ ಎಂಬ ಶಿಷ್ಯ. ಕ್ರಿಸ್ತರ ಯಾತನೆಯ ದೃಶ್ಯಗಳು, ಲಿಯೊನಾರ್ಡೊನ ಮಾದರಿಯನ್ನನುಸರಿಸಿದ ಕಡೆಯ ಭೋಜನ ಅಲ್ಲಿವೆ. ಮೊಸ್ಕೇನಿಯವರು 1905ರ ನವೆಂಬರ್ 15ರಂದು ಕೊಚ್ಚಿಯಲ್ಲೇ ತೀರಿಕೊಂಡರು. ದೇವಾಲಯದ ಅಭಿಷೇಕಕ್ಕೆ ಆಗ ಉಳಿದಿದ್ದುದು ಕೆಲವೇ ದಿನಗಳು. ತಾವು ಅಲಂಕರಿಸಿದ ಬಲಿಪೀಠದ ಅಭಿಷೇಕವನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ಅಲೋಶಿಯಸ್ ಕಾಲೇಜಿನಲ್ಲಿ ಓದಿದ ತಂದೆ ತನ್ನ ಮಕ್ಕಳೊಡನೆ ಆ ಚಿತ್ರಗಳ ಕೆಳಗೆ ಹಾದುಹೋಗುತ್ತಾನೆ, ಯಾರ ಕೈಬರಹವೆಂದು ತಿಳಿಯದೆಯೇ ಹೊರಬರುತ್ತಾನೆ. ಹೊರಗೆ ಆಟೊ ಕಾಯುತ್ತಿದೆ, ಅದಕ್ಕೆ ಅಂಗಡಿ ಕಾಯುತ್ತಿದೆ.

ಇನ್ನೊಬ್ಬ ಗಾಮನ ಸಮಾಧಿಯ ಕಲ್ಲು ಅಲ್ಲಿಂದ ಕೂಗಳತೆಯ ದೂರದ ಸಂತ ಫ್ರಾನ್ಸಿಸರ ಇಗರ್ಜಿಯಲ್ಲಿದೆ. 1524ರ ಕ್ರಿಸ್ಮಸ್ ಹಿಂದಿನ ದಿನ ಸತ್ತ ವಾಸ್ಕೊ ಡ ಗಾಮನ ಅಸ್ಥಿಯನ್ನು 1539ರಲ್ಲಿ ಪೋರ್ಚುಗಲ್ಲಿಗೆ ಒಯ್ದರು. ಆ ಇಗರ್ಜಿ ಈಗ ದಕ್ಷಿಣ ಭಾರತ ಸಭೆಯದು. ಹಗ್ಗದಿಂದ ಎಳೆಯುತ್ತಿದ್ದ ಬಟ್ಟೆಯ ಪಂಖಾಗಳು ಇನ್ನೂ ತೂಗುತ್ತಿವೆ. ಅವನ್ನು ಹೊರಗೆ ಕುಳಿತು ಎಳೆಯುತ್ತಿದ್ದವನ ಕೂಲಿ ಎಷ್ಟಿತ್ತೋ! ಮಟ್ಟಾಂಚೇರಿಯಲ್ಲಿ ಕೂನನ್ ಕುರಿಶು ಇಗರ್ಜಿಯಿದೆ. 1653ರ ಜನವರಿ 3ರಂದು ಸಂತ ತೋಮರ ಕ್ರೈಸ್ತರು ಶಿಲುಬೆಗೆ ಕಟ್ಟಿದ ಹಗ್ಗ ಹಿಡಿದು ಪೋರ್ಚುಗೀಸರ ಯಾಜಕಾಧಿಕಾರದ ವಿರುದ್ಧ ಪ್ರತಿಜ್ಞೆ ಮಾಡಿದ ಸ್ಥಳವದು. ಕೇರಳದ ಧರ್ಮಸಭೆ ಅಂದು ಒಡೆದದ್ದು ಇನ್ನೂ ಪೂರ್ತಿ ಕೂಡಿಲ್ಲ. ಅಲ್ಲಿ ಗಾಡಿ ನಿಲ್ಲಿಸೆಂದು ಹೇಳುವವರು ಕಡಿಮೆ. ಅಲ್ಲೇ ಸಮೀಪದ ಚೆರ್ಲಾಯಿಯಲ್ಲಿ ಗೌಡ ಸಾರಸ್ವತರು ಕೊಂಕಣಿ ಮಾತನಾಡುವುದು ಕಿವಿಗೆ ಬಿದ್ದರೆ ನಮ್ಮವರು ಬೆಚ್ಚಿ ತಿರುಗಿ ನೋಡಿಯಾರು.

ಮಕ್ಕಳ ವಿಷಯವೂ ಒಂದಿದೆ. 'ಐದೇ ನಿಮಿಷ ಒಳಗೆ ಹೋಗಿ ಬನ್ನಿ ಸಾರ್, ನನಗೆ ಚೀಟಿ ಸಿಗುತ್ತದೆ' ಎಂದು ಚಾಲಕನು ಅಂಗಲಾಚಿದಾಗ ಇಡೀ ಕುಟುಂಬ ಒಳಗೆ ಹೋಗಿ ಕೊಳ್ಳುವವರಂತೆ ನಟಿಸುತ್ತದೆ. ಮಾರುವವನು ಬಂಧುವಿನಂತೆ ನಟಿಸುತ್ತಾನೆ. ಚಾಲಕನು ಹೊರಗೆ ನಿಂತು ಏನೂ ಅರಿಯದವನಂತೆ ನಟಿಸುತ್ತಾನೆ. ಹತ್ತು ವರ್ಷದ ಹುಡುಗನಿಗೆ ಇದೆಲ್ಲವೂ ಅರ್ಥವಾಗುತ್ತದೆ. ಬಡವನಿಗೆ ಕೊಡಬೇಕಾದುದನ್ನು ಕೊಡದೆ ನಾಟಕವಾಡಿ ತೀರಿಸಬಹುದೆಂಬ ಪಾಠವನ್ನು ಅವನಿಗೆ ಯಾವ ಧರ್ಮೋಪದೇಶದ ತರಗತಿಯೂ ಸುಲಭವಾಗಿ ಮರೆಸಲಾರದು.

ಇದು ಕೊಚ್ಚಿಯ ಚಾಲಕರ ಪಾಡು ಮಾತ್ರವಲ್ಲ. ನವಮಂಗಳೂರು ಬಂದರಿಗೆ ಪ್ರವಾಸಿ ಹಡಗು ಬಂದ ದಿನ ವಿದೇಶೀಯರು ಮೊಸ್ಕೇನಿಯ ಚಿತ್ರಗಳನ್ನು ನೋಡಲು ನಮ್ಮೂರಿನ ಆಟೊ, ಟ್ಯಾಕ್ಸಿಗಳನ್ನೇರಿ ಬರುತ್ತಾರೆ. ಆ ಗಾಡಿಗಳನ್ನು ಓಡಿಸುವವರಲ್ಲಿ ನಮ್ಮ ಧರ್ಮಕೇಂದ್ರಗಳ ಕುಟುಂಬಗಳ ಮಕ್ಕಳೂ ಇದ್ದಾರೆ. ಅವರೊಡನೆ ಯಾರಾದರೂ ಕೊಸರಾಡಿದರೆ ನಮಗೆ ನೋವಾಗುತ್ತದೆ, ಆಗಲೂ ಬೇಕು.

ಈ ವರ್ಷ ಹೊರಡುವವರು ಹೀಗೆ ಮಾಡಿ ನೋಡಬಹುದು. ಬಲೆ, ಸಂತ ಫ್ರಾನ್ಸಿಸ್, ಬಸಿಲಿಕಾ, ಈ ಮೂರನ್ನೂ ನಡೆದೇ ನೋಡಬಹುದು. ಕಾಲು ನೋವಿನ ಹಿರಿಯರು ಜೊತೆಗಿದ್ದರೆ ಮಾತು ಬೇರೆ. ಮಟ್ಟಾಂಚೇರಿಗೆ ಆಟೊ ಬೇಕು. ಹತ್ತುವ ಮೊದಲೇ ಚಾಲಕನನ್ನು ಕೇಳಿ: 'ಅಣ್ಣಾ, ಒಂದೂ ಅಂಗಡಿಗೆ ಹೋಗದೆ, ನಾವು ಹೇಳಿದಲ್ಲಿ ಕಾದು ನಿಲ್ಲಲು ಗಂಟೆಗೆ ಎಷ್ಟು ಕೊಡಬೇಕು?' ಅವನು ಹೇಳುವ ಮೊತ್ತ ಮೊದಲು ಕೇಳಿದ್ದಕ್ಕಿಂತ ಹೆಚ್ಚಾಗಿಯೇ ಇರುತ್ತದೆ. ಅದು ಅವನ ದುಡಿಮೆಯ ನಿಜವಾದ ಬೆಲೆಗೆ ಹತ್ತಿರವಾದದ್ದು. ಮಧ್ಯಾಹ್ನವಾದರೆ ಅವನ ಊಟವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಎರ್ನಾಕುಲಂನಿಂದ ಬರುವಾಗ 2024ರಿಂದ ಫೋರ್ಟ್ ಕೊಚ್ಚಿಗೂ ಓಡುತ್ತಿರುವ ವಾಟರ್ ಮೆಟ್ರೊ ದೋಣಿ ಹಿಡಿದರೆ ಅಲ್ಲಿ ಒಂದಿಷ್ಟು ಹಣ ಉಳಿಯುತ್ತದೆ. ಅರಮನೆಗೆ ಶುಕ್ರವಾರ ರಜೆ; ಯೆಹೂದ್ಯರ ಪ್ರಾರ್ಥನಾಮಂದಿರವನ್ನು ಶುಕ್ರವಾರ ಮಧ್ಯಾಹ್ನದಿಂದ ಶನಿವಾರವಿಡೀ ಮುಚ್ಚಿರುತ್ತಾರೆ. ಬುಧವಾರ ರಾತ್ರಿಯ ರೈಲು ಹಿಡಿದರೆ ಗುರುವಾರ ಎರಡನ್ನೂ ನೋಡಿ, ಸಂಜೆಯ ಒಂದು ಗಂಟೆಯನ್ನು ಬಸಿಲಿಕಾಕ್ಕೆಂದೇ ಇಟ್ಟುಕೊಳ್ಳಬಹುದು.