ಮಾತಿನ ಕಿಡಿ, ವಿವೇಕದ ತಡೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಹಿರಿಯರ ಅನುಭವದ ನುಡಿ. ಅಂದು ಆಡಿದ ಮಾತು ಊರ ಎಲ್ಲೆಯನ್ನು ದಾಟಲು ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ಕೋಪ ಆರುತ್ತಿತ್ತು, ತಿಳಿದವರೊಬ್ಬರು ತಿದ್ದುತ್ತಿದ್ದರು. ಇಂದು ಮೊಬೈಲಿನಿಂದ ಹೊರಟ ಮಾತಿಗೆ ಆ ಬಿಡುವೇ ಇಲ್ಲ.

ತ್ರಿಪದಿಯ ಕವಿಯ ಹೆಸರನ್ನು ಹೊತ್ತ ಸರ್ವಜ್ಞನಗರದ ಆಸುಪಾಸಿನಲ್ಲಿಯೇ ಇದಕ್ಕೆ ದಾರುಣವಾದ ನಿದರ್ಶನವಿದೆ. 2020ರ ಆಗಸ್ಟ್ 11ರ ರಾತ್ರಿ, ಪ್ರವಾದಿಯವರನ್ನು ಅವಹೇಳನ ಮಾಡಿದ ಫೇಸ್‌ಬುಕ್ ಬರಹವೊಂದರ ಸುದ್ದಿ ಹಬ್ಬಿ ದೇವರಜೀವನಹಳ್ಳಿ, ಕಾಡುಗೊಂಡನಹಳ್ಳಿಗಳಲ್ಲಿ ಜನ ನೆರೆದರು. ಶಾಸಕರೊಬ್ಬರ ಮನೆಗೂ ಪೊಲೀಸ್ ಠಾಣೆಗೂ ಬೆಂಕಿ ತಗುಲಿತು. ವಾಹನಗಳು ಸುಟ್ಟು ಕರಕಲಾದವು. ಗೋಲಿಬಾರಿನಲ್ಲಿ ಪ್ರಾಣಗಳು ಹೋದವು. ಕಾನೂನಿನ ಮೂಲಕ ಕೇಳಬಹುದಾಗಿದ್ದ ನ್ಯಾಯವು ಬೀದಿಯಲ್ಲಿ ಬೂದಿಯಾಯಿತು.

ಉಗ್ರವಾದ ಅಭಿಪ್ರಾಯ ಇಷ್ಟು ಬೇಗ ಹಬ್ಬುವುದೇಕೆ? ಯಂತ್ರದ ಲೆಕ್ಕಾಚಾರ ಒಂದು ಕಾರಣ. ಓದುಗರು ಒತ್ತುವ ಕೋಪದ ಚಿಹ್ನೆಗೆ ಫೇಸ್‌ಬುಕ್ ಸಂಸ್ಥೆಯು 2017ರಿಂದ ಕೆಲಕಾಲ ಮೆಚ್ಚುಗೆಯ ಗುರುತಿನ ಐದು ಪಟ್ಟು ತೂಕ ಕೊಟ್ಟಿತ್ತೆಂಬುದು 2021ರಲ್ಲಿ ಬಯಲಾದ ದಾಖಲೆಗಳಿಂದ ತಿಳಿಯಿತು. ಸಿಟ್ಟು ತರಿಸಿದ ಬರಹವೇ ಹೆಚ್ಚು ಕಣ್ಣಿಗೆ ಬೀಳುವಂತಾಯಿತು. ಆದರೆ ದೋಷವೆಲ್ಲ ಯಂತ್ರದ್ದಲ್ಲ. ಟ್ವಿಟರಿನಲ್ಲಿ ಸುಳ್ಳು ಸುದ್ದಿಯನ್ನು ಜನ ಮರುಹಂಚುವ ಸಂಭವ ನಿಜಕ್ಕಿಂತ ಶೇಕಡಾ 70ರಷ್ಟು ಅಧಿಕವೆಂದೂ, ಅದಕ್ಕೆ ಮುಖ್ಯ ಕಾರಣ ಮನುಷ್ಯರೇ ಎಂದೂ ಅಮೆರಿಕದ ವಿದ್ವಾಂಸರು 2018ರಲ್ಲಿ ತೋರಿಸಿದರು.

ಮೊಬೈಲು ಬರುವ ಮುನ್ನವೂ ಹಟವಿತ್ತು. ಹಲಸೂರು ಕೆರೆಯ ಬಳಿಯ ತಿರುವಳ್ಳುವರ್ ಪ್ರತಿಮೆ ಭಾಷೆಯ ವಿವಾದದಿಂದ 1991ರಿಂದ ಹದಿನೆಂಟು ವರ್ಷ ಮುಸುಕಿನಲ್ಲಿಯೇ ನಿಂತಿತ್ತು. 2009ರ ಆಗಸ್ಟ್ 9ರಂದು ಅದು ಅನಾವರಣಗೊಂಡಿತು. ನಾಲ್ಕು ದಿನಗಳ ತರುವಾಯ ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆಯೂ ಬೆಳಕು ಕಂಡಿತು. ಪರಸ್ಪರ ಗೌರವವು ಹಟವನ್ನು ಕರಗಿಸಿತು.

ಆದುದರಿಂದ ಕಾನೂನು ಬೇಕು, ಸಂಸ್ಥೆಗಳ ಹೊಣೆಗಾರಿಕೆಯೂ ಬೇಕು; ಆದರೆ ಕೊನೆಯ ತಡೆ ಮನುಷ್ಯನ ವಿವೇಕವೇ. 2020ರ ಅದೇ ರಾತ್ರಿ ದೇವರಜೀವನಹಳ್ಳಿಯ ಕಡೆ ಮುಸ್ಲಿಂ ತರುಣರು ಕೈಕೈ ಹಿಡಿದು, ಸರಪಳಿಯಾಗಿ ನಿಂತು, ದೇವಾಲಯವೊಂದನ್ನು ಕಾಯ್ದರು. ಅವರ ಕೈಗಳಲ್ಲಿಯೂ ಮೊಬೈಲು ಇದ್ದಿರಬೇಕು. ಆ ಗಳಿಗೆಯಲ್ಲಿ ಅವರು ಹಿಡಿದದ್ದು ನೆರೆಯವನ ಕೈಯನ್ನು. ಕೋಪ ತರಿಸುವ ಸಂದೇಶವನ್ನು ಮುಂದಕ್ಕೆ ದಾಟಿಸುವ ಮೊದಲು, ಇದು ನಿಜವೇ, ಇದರಿಂದ ಯಾರಿಗೆ ಹಿತ ಎಂದು ಒಂದು ಗಳಿಗೆ ನಿಂತು ಯೋಚಿಸುವ ವಿದ್ಯಾರ್ಥಿಯೂ ಆ ಸರಪಳಿಯ ಒಂದು ಕೊಂಡಿಯೇ ಸರಿ.